ಮರ ಕಡಿಯಲು ಅನುಮತಿ ಬೇಕು, ಗರಗಸ ಹಿಡಿಯಲು ತರಬೇತಿ ಬೇಡವೇ?

ಶಿಕಾರಿಪುರ: ಮಲೆನಾಡು ಮತ್ತು ಬಯಲುಸೀಮೆ ಸಂಧಿಸುವ ಶಿಕಾರಿಪುರ ಹಾಗೂ ಸೊರಬ ತಾಲ್ಲೂಕುಗಳಲ್ಲಿ ಮರ ಕಡಿಯುವ ಸದ್ದು ಬದಲಾಗಿದೆ. ಕೊಡಲಿ ಪೆಟ್ಟಿನ ಸ್ಥಾನವನ್ನು ಪೆಟ್ರೋಲ್ ಎಂಜಿನ್ನಿನ ಮೊರೆತ ಆಕ್ರಮಿಸಿದೆ. ಹಿಂದೆ ಮರದ ಡಿಪೊ ಮತ್ತು ಗುತ್ತಿಗೆದಾರರ ಬಳಿ ಮಾತ್ರ ಕಾಣಸಿಗುತ್ತಿದ್ದ ಯಂತ್ರಗರಗಸ, ಅಂದರೆ ಜನಸಾಮಾನ್ಯರ ಮಾತಿನ ಚೈನ್ ಸಾ, ಇಂದು ಅಡಿಕೆ ತೋಟದ ಮನೆಯಿಂದ ಹಿಡಿದು ಬಡಗಿಯ ಕೊಟ್ಟಿಗೆಯವರೆಗೆ ಎಲ್ಲೆಡೆ ನೆಲೆ ಕಂಡುಕೊಂಡಿದೆ. ಅಂತರ್ಜಾಲ ಮಳಿಗೆಗಳಲ್ಲಿ ಕೆಲವೇ ಸಾವಿರ ರೂಪಾಯಿಗಳಿಗೆ ದೊರೆಯುವ ಈ ಯಂತ್ರವನ್ನು ಕೊಳ್ಳಲು ಪರವಾನಗಿಯಾಗಲಿ, ಅದನ್ನು ಬಳಸಲು ತರಬೇತಿಯ ಪ್ರಮಾಣಪತ್ರವಾಗಲಿ ಯಾರೂ ಕೇಳುವುದಿಲ್ಲ.

ಮರದ ವಿಷಯದಲ್ಲಿ ಇಷ್ಟೊಂದು ಎಚ್ಚರ ವಹಿಸುವ ಸರ್ಕಾರಿ ವ್ಯವಸ್ಥೆ, ಮರ ಕಡಿಯುವ ಮನುಷ್ಯನ ವಿಷಯದಲ್ಲಿ ಏಕಿಷ್ಟು ನಿರ್ಲಿಪ್ತವಾಗಿದೆ ಎಂಬ ಪ್ರಶ್ನೆ ಇಲ್ಲಿಯೇ ಉದ್ಭವಿಸುತ್ತದೆ.

ಕಾನೂನು ನೋಡುವುದು ಮರವನ್ನು ಮಾತ್ರ

ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಪ್ರಕಾರ ಸ್ವಂತ ಜಮೀನಿನಲ್ಲಿರುವ ಮರವನ್ನು ಕಡಿಯಬೇಕಾದರೂ ವೃಕ್ಷಾಧಿಕಾರಿಯ ಪೂರ್ವಾನುಮತಿ ಅಗತ್ಯ. ನೀಲಗಿರಿ, ಗಾಳಿ, ಸಿಲ್ವರ್ ಓಕ್, ಸುಬಾಬುಲ್, ರಬ್ಬರ್, ತೆಂಗು ಮುಂತಾದ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಶ್ರೀಗಂಧದ ಕಥೆಯಂತೂ ಇನ್ನೂ ಸೂಕ್ಷ್ಮ. ಗುಡಿಗಾರರ ಕೆತ್ತನೆಗೆ ಹೆಸರಾದ ಸೊರಬ ಸೀಮೆಯಲ್ಲಿಯೂ 2001ರ ಕಾಯ್ದೆ ತಿದ್ದುಪಡಿಯವರೆಗೆ ರೈತನ ಹೊಲದಲ್ಲಿ ಬೆಳೆದ ಗಂಧದ ಮರಕ್ಕೆ ರೈತ ಒಡೆಯನಾಗಿರಲಿಲ್ಲ. ಯಾವ ಮರ, ಯಾರ ಮರ, ಏಕೆ ಕಡಿಯಬೇಕು, ಬದಲಿಗೆ ಎಷ್ಟು ಸಸಿ ನೆಡಬೇಕು ಎಂಬ ಪ್ರಶ್ನೆಗಳೆಲ್ಲವೂ ಅರ್ಜಿಯ ಪರಿಶೀಲನೆಯಲ್ಲಿ ಬರುತ್ತವೆ. ಕಡಿಯುವವರು ಯಾರು, ಅವರಿಗೆ ಆ ಕೆಲಸ ಗೊತ್ತೇ ಎಂಬ ಪ್ರಶ್ನೆ ಮಾತ್ರ ಬರುವುದಿಲ್ಲ.

ಕಾಯ್ದೆಯ ಉದ್ದೇಶ ಹಸಿರಿನ ರಕ್ಷಣೆಯಾದ್ದರಿಂದ ಅದನ್ನು ದೂಷಿಸುವಂತಿಲ್ಲ. ಶಿವಮೊಗ್ಗ ಜಿಲ್ಲೆಯ ಮಟ್ಟಿಗೆ ಮರ ಕಡಿತ ಎಂಬುದು ಸದಾ ರಾಜಕೀಯ ಕಾವಿನ ವಿಷಯ. ನೆರೆಯ ಶಿರಸಿ ತಾಲ್ಲೂಕಿನಲ್ಲಿ 1983ರ ಸೆಪ್ಟೆಂಬರ್‌ನಲ್ಲಿ ಅಪ್ಪಿಕೋ ಚಳವಳಿ ಹುಟ್ಟಿದ್ದೇ ಕಾಡು ಕಡಿತದ ವಿರುದ್ಧ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗೆ 1980ರಲ್ಲಿ 40 ವರ್ಷಗಳ ಅವಧಿಗೆ ನೀಡಲಾಗಿದ್ದ ಅರಣ್ಯಭೂಮಿಯ ಗುತ್ತಿಗೆ 2020ರಲ್ಲಿ ಮುಗಿದಾಗ, ಅದರ ವಿಸ್ತರಣೆಯನ್ನು ವಿರೋಧಿಸಿ ಅಕೇಶಿಯಾ ನೆಡುತೋಪುಗಳ ವಿರುದ್ಧ ಜಿಲ್ಲೆಯಲ್ಲಿ ದೊಡ್ಡ ಹೋರಾಟವೇ ನಡೆಯಿತು. ಈ ಎಲ್ಲ ಚರ್ಚೆಗಳಲ್ಲಿ ಮರ ಇತ್ತು, ಮಣ್ಣು ಇತ್ತು, ನೀರು ಇತ್ತು. ಗರಗಸ ಹಿಡಿದ ದಿನಗೂಲಿಯವನು ಇರಲಿಲ್ಲ.

ಸೆಕೆಂಡಿಗೆ 20 ಮೀಟರ್

ಯಂತ್ರಗರಗಸದ ಇತಿಹಾಸ ಹೆಚ್ಚೇನೂ ಹಳೆಯದಲ್ಲ. ಜರ್ಮನಿಯ ಆಂಡ್ರಿಯಾಸ್ ಸ್ಟಿಲ್ 1926ರಲ್ಲಿ ವಿದ್ಯುತ್ ಗರಗಸವನ್ನೂ 1929ರಲ್ಲಿ ಪೆಟ್ರೋಲ್ ಗರಗಸವನ್ನೂ ರೂಪಿಸಿದರು. ಮೊದಲ ಯಂತ್ರಗಳನ್ನು ಎತ್ತಲು ಇಬ್ಬರು ಬೇಕಾಗುತ್ತಿತ್ತು. ಒಬ್ಬನೇ ಹಿಡಿದು ಕೆಲಸ ಮಾಡಬಹುದಾದ ಹಗುರ ಯಂತ್ರಗಳು ವ್ಯಾಪಕವಾದದ್ದು 1950ರ ನಂತರ. ಯಂತ್ರ ಹಗುರವಾದಂತೆ ಅಪಾಯ ಹಗುರವಾಗಲಿಲ್ಲ. ಪೂರ್ಣ ವೇಗದಲ್ಲಿ ಅದರ ಸರಪಳಿ ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತದೆ. ಗಂಟೆಯ ಲೆಕ್ಕದಲ್ಲಿ ಇದು 70 ಕಿಲೋಮೀಟರ್‌ಗೂ ಮಿಗಿಲು. ಮರವನ್ನು ಸೀಳಲೆಂದು ರೂಪುಗೊಂಡ ಹಲ್ಲುಗಳು ಮಾಂಸಖಂಡವನ್ನು ಕೊಯ್ಯುವುದಿಲ್ಲ, ಕಿತ್ತು ತೆಗೆಯುತ್ತವೆ. ಗಾಯ ಹೊಲಿಯುವುದು ಕಷ್ಟವಾಗುವುದೂ ಇದೇ ಕಾರಣಕ್ಕೆ.

ಈ ಯಂತ್ರದ ಅತಿ ದೊಡ್ಡ ವೈರಿ ಅದರ ಮೂತಿ. ಸರಪಳಿ ಸುತ್ತುವ ಉದ್ದನೆಯ ಪಟ್ಟಿಯ ತುದಿಯ ಮೇಲ್ಭಾಗ ಯಾವುದಾದರೂ ಕೊಂಬೆಗೆ ಅಥವಾ ದಿಮ್ಮಿಗೆ ತಗುಲಿದರೆ, ಯಂತ್ರ ಕತ್ತರಿಸುವ ಬದಲು ಹಿಮ್ಮುಖವಾಗಿ ಮೇಲಕ್ಕೆ ಚಿಮ್ಮುತ್ತದೆ. ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಅವಧಿಯಲ್ಲಿ ನಡೆದುಹೋಗುವ ಈ ಒದೆತಕ್ಕೆ ಗುರಿಯಾಗುವುದು ಮುಖ, ಕುತ್ತಿಗೆ ಮತ್ತು ಭುಜ. ಮನುಷ್ಯನ ಕಣ್ಣು ಕಂಡು, ಕೈ ಪ್ರತಿಕ್ರಿಯಿಸುವುದರೊಳಗೆ ಅನಾಹುತ ಮುಗಿದಿರುತ್ತದೆ. ಇದನ್ನು ತಡೆಯಲೆಂದೇ ಮುಂಗೈ ಹಿಡಿಯ ಎದುರಿಗೆ ಬ್ರೇಕ್ ಇರುತ್ತದೆ. ಕೈಗೆ ಅಡ್ಡಿ ಎಂದು ಅದನ್ನು ಬಿಚ್ಚಿಡುವುದು ಅಥವಾ ಕೆಟ್ಟಾಗ ದುರಸ್ತಿ ಮಾಡಿಸದೆ ಮುಂದುವರಿಯುವುದು ಜೀವದೊಂದಿಗೆ ಚೆಲ್ಲಾಟವಾಡಿದಂತೆ.

ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 36,000 ಮಂದಿ ಯಂತ್ರಗರಗಸದ ಗಾಯಗಳಿಗಾಗಿ ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಬರುತ್ತಾರೆಂದು ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಹೇಳುತ್ತದೆ. ರಕ್ಷಣಾ ಉಡುಪು ಸುಲಭವಾಗಿ ದೊರೆಯುವ, ಸೂಚನಾ ಪುಸ್ತಿಕೆ ಓದುವ ದೇಶದ ಚಿತ್ರ ಇದು. ಲುಂಗಿ ಎತ್ತಿ ಕಟ್ಟಿ, ಹವಾಯಿ ಚಪ್ಪಲಿ ಮೆಟ್ಟಿ ಅದೇ ಯಂತ್ರ ಹಿಡಿಯುವ ನಮ್ಮ ಕಾರ್ಮಿಕನ ಸ್ಥಿತಿಯನ್ನು ಊಹಿಸುವುದು ಕಷ್ಟವಲ್ಲ.

ಬೀಳಿಸುವುದೂ ಒಂದು ಲೆಕ್ಕ

ಯಂತ್ರ ನಡೆಸಲು ಬಂದ ಮಾತ್ರಕ್ಕೆ ಮರ ಬೀಳಿಸಲು ಬಂದಂತಾಗುವುದಿಲ್ಲ. ಹಳೆಯ ಕೊಡಲಿ ಕೆಲಸಗಾರರಿಗೆ ಮರದ ವಾಲು, ಕೊಂಬೆಗಳ ಭಾರ, ಗಾಳಿಯ ದಿಕ್ಕು ತಿಳಿದಿರುತ್ತಿತ್ತು. ಕೊಡಲಿಯ ನಿಧಾನಗತಿಯೇ ಅವರಿಗೆ ಯೋಚಿಸಲು ಸಮಯ ಕೊಡುತ್ತಿತ್ತು. ಯಂತ್ರ ಆ ಸಮಯವನ್ನು ಕಸಿದುಕೊಂಡಿದೆ.

ಕ್ರಮಬದ್ಧವಾಗಿ ಮರ ಉರುಳಿಸುವ ವಿಧಾನ ಹೀಗಿದೆ: ಮೊದಲು ಮರ ಬೀಳಬೇಕಾದ ದಿಕ್ಕಿನ ಕಡೆ ಕಾಂಡದ ದಪ್ಪದ ಸುಮಾರು ಕಾಲು ಭಾಗದಷ್ಟು ಆಳಕ್ಕೆ ಬೆಣೆಯಾಕಾರದ ಕಚ್ಚು ತೆಗೆಯಬೇಕು. ಬಳಿಕ ಹಿಂಬದಿಯಿಂದ, ಕಚ್ಚಿನ ತಳಕ್ಕಿಂತ ತುಸು ಎತ್ತರದಲ್ಲಿ ಕೊಯ್ಯಬೇಕು. ಎರಡೂ ಕೊಯ್ತಗಳು ಎಂದಿಗೂ ಕೂಡಬಾರದು. ನಡುವೆ ಕಾಂಡದ ದಪ್ಪದ ಹತ್ತನೇ ಒಂದು ಭಾಗದಷ್ಟು ಮರ ಉಳಿಯಬೇಕು. ಬಾಗಿಲಿಗೆ ಕೀಲು ಹೇಗೋ ಹಾಗೆ ಈ ಪಟ್ಟಿ ಮರವನ್ನು ಹಿಡಿದು, ಬೇಕಾದ ದಿಕ್ಕಿಗೆ ನಿಧಾನವಾಗಿ ಬಾಗಿಸುತ್ತದೆ. ಆತುರದಲ್ಲಿ ಅದನ್ನೂ ಕೊಯ್ದುಬಿಟ್ಟರೆ ಮರ ಯಾರ ಮಾತನ್ನೂ ಕೇಳುವುದಿಲ್ಲ. ಸರಪಳಿ ಸಿಕ್ಕಿಕೊಳ್ಳದಂತೆ ಹಿಂಬದಿಯ ಕೊಯ್ತಕ್ಕೆ ಪ್ಲಾಸ್ಟಿಕ್ ಅಥವಾ ಮರದ ಬೆಣೆ ಹೊಡೆಯಬೇಕು. ಕಬ್ಬಿಣದ ಬೆಣೆ ಸಲ್ಲದು.

ಮರ ಬೀಳತೊಡಗಿದಾಗ ಕಡಿಯುವವನು ಬುಡದಲ್ಲಿ ನಿಲ್ಲಕೂಡದು. ಬೀಳುವ ದಿಕ್ಕಿಗೆ ಬೆನ್ನಾಗಿ, 45 ಡಿಗ್ರಿ ಓರೆಯಲ್ಲಿ ಹಿಂದೆ ಸರಿಯುವ ಹಾದಿಯನ್ನು ಕೆಲಸ ಆರಂಭಿಸುವ ಮೊದಲೇ ಸವರಿ ಸಿದ್ಧಪಡಿಸಿಕೊಂಡಿರಬೇಕು. ಉಳಿದವರೆಲ್ಲರೂ ಮರದ ಎತ್ತರದ ಕನಿಷ್ಠ ಎರಡರಷ್ಟು ದೂರದಲ್ಲಿರಬೇಕು. ಹಗ್ಗ ಹಿಡಿದು ಎಳೆಯುವವರು ಮರದ ನೆರಳಿನಲ್ಲೇ ನಿಲ್ಲುವ ನಮ್ಮ ಹಳ್ಳಿಗಳ ರೂಢಿ ಈ ನಿಯಮಕ್ಕೆ ನೇರ ವಿರುದ್ಧ. ಏಣಿಯ ಮೇಲೆ ನಿಂತು, ಒಂದೇ ಕೈಯಲ್ಲಿ ಹಿಡಿದು ಅಥವಾ ಭುಜಕ್ಕಿಂತ ಮೇಲೆ ಎತ್ತಿ ಯಂತ್ರ ಬಳಸುವುದನ್ನು ಪ್ರಪಂಚದ ಯಾವ ಕೈಪಿಡಿಯೂ ಒಪ್ಪುವುದಿಲ್ಲ.

ಮಳೆಗಾಲದ ದುಪ್ಪಟ್ಟು ಅಪಾಯ

ಮುಂಗಾರಿನ ಗಾಳಿಮಳೆಗೆ ರಸ್ತೆಗೆ ಅಡ್ಡ ಬಿದ್ದ ಮರವನ್ನು ತೆರವುಗೊಳಿಸುವುದು ಸಾಮಾನ್ಯವಾಗಿ ಊರಿನ ಹುಡುಗರ ಉತ್ಸಾಹದ ಕೆಲಸ. ನಿಂತ ಮರಕ್ಕಿಂತ ಬಿದ್ದ ಮರ ಸುರಕ್ಷಿತ ಎಂಬ ಭಾವನೆ ಇದರ ಹಿಂದಿದೆ. ವಾಸ್ತವ ಬೇರೆಯೇ. ಬಿದ್ದ ಮರದ ಬಾಗಿದ ಕೊಂಬೆಗಳು ಎಳೆದ ಬಿಲ್ಲಿನಂತೆ ಬಿಗಿದುಕೊಂಡಿರುತ್ತವೆ. ಹಿಗ್ಗಿದ ಬದಿಯನ್ನು ಒಮ್ಮೆಲೇ ಕೊಯ್ದರೆ ಅವು ಮನುಷ್ಯನನ್ನು ಎತ್ತಿ ಎಸೆಯಬಲ್ಲವು. ಕುಗ್ಗಿದ ಬದಿಯಲ್ಲಿ ಮೊದಲು ಸ್ವಲ್ಪ ಕೊಯ್ದು, ಬಳಿಕ ಎದುರು ಬದಿಗೆ ಬರಬೇಕೆಂಬುದು ಅನುಭವಿಗಳ ನಿಯಮ. ಒಂದು ಮರ ಇನ್ನೊಂದಕ್ಕೆ ಒರಗಿ ನೇತಾಡುತ್ತಿದ್ದರೆ ಅದರ ಕೆಳಗೆ ಹೋಗುವುದೇ ತಪ್ಪು. ಮೇಲೆ ಮೆಸ್ಕಾಂ ತಂತಿ ಹಾದುಹೋಗಿದ್ದರೆ ವಿದ್ಯುತ್ ಕಡಿತಗೊಂಡಿರುವುದು ಖಚಿತವಾಗುವವರೆಗೆ ಯಾರೂ ಕೈ ಹಾಕಬಾರದು.

ಗಾಯವಾದ ಮೇಲಿನ ಕೆಲವು ನಿಮಿಷಗಳು ನಿರ್ಣಾಯಕ. ತೊಡೆಯ ರಕ್ತನಾಳ ತುಂಡಾದರೆ ಸಾವು ಆಸ್ಪತ್ರೆಯ ಬಾಗಿಲವರೆಗೆ ಕಾಯುವುದಿಲ್ಲ. ಎರಡೂ ತಾಲ್ಲೂಕು ಕೇಂದ್ರಗಳಲ್ಲಿ ಸಾರ್ವಜನಿಕ ಆಸ್ಪತ್ರೆಗಳಿವೆಯಾದರೂ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಶಿಕಾರಿಪುರದಿಂದ ಸುಮಾರು 50 ಕಿಲೋಮೀಟರ್ ದೂರ. ಸೊರಬದಿಂದ ಇನ್ನೂ ದೂರ. ಗಾಯದ ಮೇಲೆ ಶುಭ್ರ ಬಟ್ಟೆಯಿಂದ ಬಲವಾಗಿ ಒತ್ತಿ ಹಿಡಿದು 108ಕ್ಕೆ ಕರೆ ಮಾಡಬಲ್ಲ ಇನ್ನೊಬ್ಬ ವ್ಯಕ್ತಿ ಜೊತೆಗಿಲ್ಲದೆ ತೋಟದ ಮೂಲೆಯಲ್ಲಿ ಒಂಟಿಯಾಗಿ ಯಂತ್ರ ನಡೆಸುವುದು ಎಷ್ಟು ಅಪಾಯಕಾರಿ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ನಿಧಾನವಾಗಿ ಬರುವ ರೋಗಗಳೂ ಇವೆ. ಯಂತ್ರದ ಸದ್ದು 100 ಡೆಸಿಬಲ್ ದಾಟುತ್ತದೆ. ಕಿವಿಗೆ ರಕ್ಷಣೆ ಇಲ್ಲದೆ ವರ್ಷಗಟ್ಟಲೆ ದುಡಿದವರ ಶ್ರವಣಶಕ್ತಿ ಕುಂದುತ್ತದೆ. ನಿರಂತರ ಕಂಪನದಿಂದ ಬೆರಳುಗಳಿಗೆ ರಕ್ತಸಂಚಾರ ಕಡಿಮೆಯಾಗಿ, ಅವು ಬಿಳಿಚಿ ಮರಗಟ್ಟುತ್ತವೆ.

ಹೆಲ್ಮೆಟ್, ಮುಖಕ್ಕೆ ಜಾಲರಿ, ಕಿವಿಗವಚ, ಕೈಗವಸು, ಗಟ್ಟಿ ಬೂಟು ಮತ್ತು ಸರಪಳಿ ತಡೆಯುವ ವಿಶೇಷ ಪ್ಯಾಂಟು, ಇವು ಕನಿಷ್ಠ ರಕ್ಷಣೆ. ಈ ಪ್ಯಾಂಟಿನ ಒಳಪದರದ ಉದ್ದನೆಯ ನೂಲುಗಳು ಹಲ್ಲಿಗೆ ಸಿಕ್ಕ ಕೂಡಲೇ ಎಳೆದುಕೊಂಡು ಹೋಗಿ ಚಕ್ರಕ್ಕೆ ಸುತ್ತಿ ಸರಪಳಿಯನ್ನು ನಿಲ್ಲಿಸುತ್ತವೆ. ಅಗ್ಗದ ಯಂತ್ರಕ್ಕಿಂತ ಉಡುಪೇ ದುಬಾರಿ ಎಂಬ ದೂರು ಸುಳ್ಳಲ್ಲ. ಆದರೆ ಒಂದು ಕಾಲಿನ ಬೆಲೆ ಎಷ್ಟು?

ಪರಿಹಾರ ಕಾಗದದಲ್ಲಿ

ಮರ ಕಡಿಯುವವರನ್ನು ಕಾರ್ಮಿಕ ಕಾನೂನು ಪೂರ್ತಿ ಮರೆತಿಲ್ಲ ಎಂಬುದು ಗಮನಾರ್ಹ. ಬ್ರಿಟಿಷರ ಕಾಲದ 1923ರ ನೌಕರರ ಪರಿಹಾರ ಕಾಯ್ದೆಯ ಅನುಸೂಚಿಯಲ್ಲಿ ಮರ ಕಡಿಯುವ ಕೆಲಸದ ಹೆಸರೇ ಇತ್ತು. ಆ ಕಾಯ್ದೆಯ ಸ್ಥಾನದಲ್ಲಿ ಈಗ 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ, 2020 ಇದೆ. ಆದರೆ ಪರಿಹಾರ ಪಡೆಯಲು ಮಾಲೀಕ ಯಾರೆಂಬುದು ಸಾಬೀತಾಗಬೇಕು. ದಿನದ ಲೆಕ್ಕಕ್ಕೋ ಮರದ ಲೆಕ್ಕಕ್ಕೋ ಬಾಯಿಮಾತಿನಲ್ಲಿ ಕೆಲಸ ಒಪ್ಪಿಕೊಳ್ಳುವವನು, ಸ್ವಂತ ಯಂತ್ರ ತಂದಿದ್ದಾನೆ ಎಂಬ ಕಾರಣಕ್ಕೇ ಗುತ್ತಿಗೆದಾರನೆನಿಸಿಕೊಂಡು ಪರಿಹಾರದಿಂದ ವಂಚಿತನಾಗುವ ಸಂಭವ ಹೆಚ್ಚು. ಯಂತ್ರ ಕೊಂಡವನು ಅದರೊಂದಿಗೆ ಅಪಾಯದ ಹೊಣೆಯನ್ನೂ ಕೊಂಡುಕೊಂಡಂತಾಗಿದೆ.

ದಾರಿಗಳಿಲ್ಲವೇ?

ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಾಗಿಲ್ಲ. ಒಕ್ಕಣೆ ಯಂತ್ರಗಳಿಗೆ ಸಿಲುಕಿ ರೈತರು, ಕೂಲಿಕಾರರು ಕೈ ಕಳೆದುಕೊಳ್ಳುತ್ತಿದ್ದ ಹಿನ್ನೆಲೆಯಲ್ಲಿ ಸಂಸತ್ತು 1983ರಲ್ಲಿಯೇ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆಯನ್ನು ತಂದಿತು. ತಯಾರಕರ ಹೊಣೆ ಮತ್ತು ಗಾಯಾಳುಗಳ ಪರಿಹಾರ ಎರಡನ್ನೂ ಅದು ಒಳಗೊಂಡಿತ್ತು. ಮೆಕ್ಕೆಜೋಳ ಒಕ್ಕುವ ಯಂತ್ರ ಅಪಾಯಕಾರಿಯಾದರೆ, ಅದಕ್ಕಿಂತ ವೇಗವಾಗಿ ಹಲ್ಲು ತಿರುಗಿಸುವ, ಯಾವ ಕವಚವೂ ಇಲ್ಲದ ಗರಗಸ ಅಪಾಯಕಾರಿಯಲ್ಲವೇ?

ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಆರಂಭಿಸಿದ ತೆಂಗಿನ ಮರ ಹತ್ತುವವರ ತರಬೇತಿ ಕಾರ್ಯಕ್ರಮ ಇನ್ನೂ ಹತ್ತಿರದ ಮಾದರಿ. ಅಲ್ಲಿ ನಿರುದ್ಯೋಗಿ ಯುವಕರಿಗೆ ಕೆಲವು ದಿನಗಳ ತರಬೇತಿ, ಹತ್ತುವ ಸಾಧನ ಮತ್ತು ವಿಮೆ ಮೂರೂ ಒಟ್ಟಿಗೆ ದೊರೆತವು. ಬ್ರಿಟನ್ನಿನಲ್ಲಿ 1998ರ ನಿಯಮಗಳ ಅನ್ವಯ ಮರಗೆಲಸಕ್ಕೆ ಯಂತ್ರಗರಗಸ ಹಿಡಿಯುವ ಕಾರ್ಮಿಕ ತರಬೇತಿ ಪಡೆದು ಅರ್ಹತಾಪತ್ರ ಹೊಂದಿರಬೇಕು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯೂ ಅದೇ ವರ್ಷ ಅರಣ್ಯ ಕೆಲಸದ ಸುರಕ್ಷತೆಗೆ ನೀತಿಸಂಹಿತೆ ಪ್ರಕಟಿಸಿತು.

ಜಿಲ್ಲೆಯಲ್ಲಿ ಸಂಪನ್ಮೂಲದ ಕೊರತೆ ಇಲ್ಲ. ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಅರಣ್ಯ ಇಲಾಖೆಯ ಡಿಪೊಗಳಿವೆ. ಬಾಡಿಗೆಗೆ ಯಂತ್ರ ನೀಡುವ ಕೃಷಿ ಯಂತ್ರಧಾರೆ ಕೇಂದ್ರಗಳು 2014ರಿಂದ ರಾಜ್ಯದಲ್ಲಿವೆ. ಮಳೆಗಾಲಕ್ಕೆ ಮುನ್ನ ಹೋಬಳಿಗೆ ಒಂದರಂತೆ ಎರಡು ದಿನಗಳ ಶಿಬಿರ ನಡೆಸಿದರೆ, ಯಂತ್ರಧಾರೆಯಲ್ಲಿ ರಕ್ಷಣಾ ಉಡುಪನ್ನು ಬಾಡಿಗೆಗೆ ಇಟ್ಟರೆ, ಕಡಿತದ ಅನುಮತಿ ಪತ್ರದಲ್ಲಿ ಕಡಿಯುವವರ ಹೆಸರು ಮತ್ತು ತರಬೇತಿಯ ವಿವರಕ್ಕೆ ಒಂದು ಸಾಲು ಸೇರಿಸಿದರೆ ಬೊಕ್ಕಸಕ್ಕೆ ದೊಡ್ಡ ಹೊರೆಯೇನೂ ಬೀಳದು. ಆ ಒಂದು ಸಾಲು ಮಾಲೀಕ ಯಾರೆಂಬ ಪ್ರಶ್ನೆಗೂ ಉತ್ತರವಾಗಿ, ಪರಿಹಾರದ ಹಾದಿಯನ್ನು ಸುಗಮಗೊಳಿಸಬಲ್ಲದು.

ಇದಕ್ಕೂ ಅಪವಾದವಿದೆ. ಅನುಮತಿಯ ಹೆಸರಿನಲ್ಲಿ ಈಗಾಗಲೇ ಕಚೇರಿ ಅಲೆಯುವ ರೈತನ ಹೆಗಲಿಗೆ ಮತ್ತೊಂದು ಕಾಗದದ ಭಾರ ಬೀಳಬಾರದೆಂಬ ವಾದದಲ್ಲಿ ಹುರುಳಿದೆ. ವಿನಾಯಿತಿ ಪಡೆದ ಮರಗಳಿಗೆ ಅನುಮತಿ ಪತ್ರವೇ ಇಲ್ಲದಿರುವುದರಿಂದ ಈ ಕ್ರಮ ಎಲ್ಲರನ್ನೂ ತಲುಪುವುದಿಲ್ಲ ಎಂಬುದೂ ನಿಜ. ಆದ್ದರಿಂದಲೇ ಶಿಕ್ಷೆಗಿಂತ ಶಿಕ್ಷಣಕ್ಕೆ, ದಂಡಕ್ಕಿಂತ ಉಡುಪಿಗೆ ಮೊದಲ ಆದ್ಯತೆ ಸಲ್ಲಬೇಕು. ಯಂತ್ರ ಮಾರುವ ಅಂಗಡಿಯವನು ಕನ್ನಡದಲ್ಲಿ ಮುದ್ರಿಸಿದ ಸೂಚನಾ ಪುಸ್ತಿಕೆ ಕೊಟ್ಟು, ಬ್ರೇಕ್ ಹೇಗೆ ಕೆಲಸ ಮಾಡುತ್ತದೆಂದು ಹತ್ತು ನಿಮಿಷ ತೋರಿಸಿಕೊಟ್ಟರೂ ಅದೊಂದು ಆರಂಭವಾದೀತು.

ಕಡಿದ ಮರದ ಬದಲಿಗೆ ಸಸಿ ನೆಡಬೇಕೆಂದು ಕಾನೂನು ಹೇಳುತ್ತದೆ. ಕಳೆದುಹೋದ ಕೈಗೆ ಬದಲಿ ಇಲ್ಲ. ಮರಕ್ಕೆ ದೊರೆತ ಕಾಳಜಿಯ ಒಂದು ಪಾಲಾದರೂ ಅದರ ಬುಡದಲ್ಲಿ ನಿಂತವನಿಗೆ ದೊರೆಯಬೇಕೆಂದು ಬಯಸುವುದು ಅತಿಯಾಸೆಯಾಗಲಾರದು.