ಕಪ್ಪು ಪಟ್ಟಿಯ ಹಿಂದಿನ ವರ್ಷಗಳು

ವಿದ್ಯೆ ಕಲಿಸುವವರ ಯೋಗ್ಯತೆಯನ್ನು ಅಳೆಯುವುದು ಹೇಗೆ? ಓಟದಲ್ಲಿ, ಕುಸ್ತಿಯಲ್ಲಿ ಸೋಲು-ಗೆಲುವುಗಳೇ ಅಳತೆಗೋಲು. ಜಪಾನಿನ ಐಕಿಡೊ ಎಂಬ ಆತ್ಮರಕ್ಷಣಾ ವಿದ್ಯೆಯಲ್ಲಿ ಈ ಅನುಕೂಲವಿಲ್ಲ. ಎದುರಾಳಿಯ ಬಲವನ್ನು ಎದುರಿಸಿ ನಿಲ್ಲದೆ, ಅದರ ದಿಕ್ಕನ್ನೇ ತಿರುಗಿಸಿ ಅವನನ್ನು ನೆಲಕ್ಕೆ ಕೆಡಹುವುದು ಇದರ ಮರ್ಮ. ಇದರ ಬಹುಪಾಲು ಶಾಖೆಗಳಲ್ಲಿ ಸ್ಪರ್ಧೆಯೇ ಇಲ್ಲ. ಪದಕಗಳಿಲ್ಲದ ಇಂತಹ ವಿದ್ಯೆಯಲ್ಲಿ ಶಿಕ್ಷಕರು ಯಾರ ಬಳಿ, ಎಷ್ಟು ಕಾಲ ಕಲಿತರೆಂಬುದೇ ಮುಖ್ಯ ಪ್ರಮಾಣ.

ಐಕಿಡೊದ ಮೂಲಪುರುಷರಾದ ಮೊರಿಹೆಯಿ ಉಯೆಶಿಬಾ (1883-1969) ಅವರೂ ಹೀಗೆ ಕಲಿತೇ ಗುರುಗಳಾದವರು. 1915ರಲ್ಲಿ ಹೊಕ್ಕೈಡೊ ದ್ವೀಪದಲ್ಲಿ ಅವರು ಜೂಜುತ್ಸು ಗುರು ಸೊಕಾಕು ತಕೇಡಾ ಅವರನ್ನು ಕಂಡರು. ಆಗ ವಯಸ್ಸು ಮೂವತ್ತು ದಾಟಿತ್ತು. ಬೇರೆ ಸಮರಕಲೆಗಳ ಅಭ್ಯಾಸವೂ ಆಗಿತ್ತು. ಆದರೂ ಮತ್ತೆ ಶಿಷ್ಯರಾಗಲು ಅವರು ಹಿಂಜರಿಯಲಿಲ್ಲ.

1931ರಲ್ಲಿ ಟೋಕಿಯೊದಲ್ಲಿ ಅವರ ಅಭ್ಯಾಸ ಮಂದಿರ ಆರಂಭವಾಯಿತು. ಅಲ್ಲಿಯೇ ವಾಸವಾಗಿ ಕಲಿಯುವವರಿಗೆ ಉಚಿದೇಶಿ ಎಂದು ಹೆಸರು; ನಮ್ಮ ಮಾತಿನಲ್ಲಿ ಅಂತೇವಾಸಿಗಳು. ಮಂದಿರವನ್ನು ಗುಡಿಸುವುದು, ಗುರುಗಳೊಡನೆ ಪ್ರಯಾಣ ಮಾಡುವುದು, ಅವರು ಎಸೆದಾಗ ಬೀಳುವುದು—ಇವೆಲ್ಲವೂ ಪಾಠವೇ. ಅವರಲ್ಲೊಬ್ಬರಾದ ಗೊಜೊ ಶಿಯೋಡಾ 1955ರಲ್ಲಿ ಯೋಶಿನ್‌ಕಾನ್ ಶಾಖೆಯನ್ನು ಸ್ಥಾಪಿಸಿದರು. ಟೋಕಿಯೊದ ಗಲಭೆ ನಿಯಂತ್ರಣ ಪೊಲೀಸರಿಗೆ ಆ ಶಾಖೆಯು ಸುಮಾರು ಒಂದು ವರ್ಷದ ಕಠಿಣ ಶಿಕ್ಷಣ ನೀಡುತ್ತ ಬಂದಿತು.

ಮನೆ-ಉದ್ಯೋಗಗಳ ನಡುವೆ ಕಲಿತವರೂ ಉಂಟು. ಮೊರಿಹಿರೊ ಸೈತೊ ರೈಲ್ವೆ ನೌಕರರು. 1946ರಲ್ಲಿ, ಹದಿನೆಂಟರ ಹರೆಯದಲ್ಲಿ, ಇವಾಮಾ ಊರಿನಲ್ಲಿದ್ದ ಉಯೆಶಿಬಾ ಅವರ ಬಳಿಗೆ ಬಂದರು. ಪಾಳಿಯ ಕೆಲಸವಾದ್ದರಿಂದ, ಬಿಡುವಿನ ದಿನಗಳಲ್ಲಿ ಗುರುಗಳ ಹೊಲದಲ್ಲಿ ದುಡಿದು, ಅವರೊಡನೆ ಅಭ್ಯಾಸ ಮಾಡಿದರು. ಗುರುಗಳು ತೀರಿಕೊಳ್ಳುವವರೆಗೆ, ಇಪ್ಪತ್ತಮೂರು ವರ್ಷ, ಈ ಕ್ರಮ ತಪ್ಪಲಿಲ್ಲ. ಮುಂದೆ ಲೋಕದ ನಾನಾ ಕಡೆಗಳಿಂದ ಶಿಷ್ಯರು ಅವರನ್ನು ಅರಸಿ ಇವಾಮಾಕ್ಕೆ ಬಂದರು.

ಕಪ್ಪು ಪಟ್ಟಿಯನ್ನು ಕಂಡೊಡನೆ ಪಾರಂಗತರೆಂದು ಭಾವಿಸುವವರು ಬಹಳ. ಆದರೆ ಮೊದಲ ಕಪ್ಪು ಪಟ್ಟಿಯ ಹೆಸರು ಷೋಡಾನ್. ಅದರ ಅರ್ಥವೇ ಆರಂಭದ ಮೆಟ್ಟಿಲು. ಟೋಕಿಯೊದ ಐಕಿಕಾಯಿ ಸಂಸ್ಥೆಯ ನಿಯಮದಂತೆ ಎರಡನೆಯ ಮೆಟ್ಟಿಲಿಗೆ ಮತ್ತೆ ಕನಿಷ್ಠ ಒಂದು ವರ್ಷ, 200 ದಿನಗಳ ಅಭ್ಯಾಸ ಬೇಕು. ಮೂರನೆಯದಕ್ಕೆ ಎರಡು ವರ್ಷ, 300 ದಿನ. ಸಹಾಯಕ ಶಿಕ್ಷಕರು ಫುಕುಶಿದೊಯಿನ್, ಶಿಕ್ಷಕರು ಶಿದೊಯಿನ್, ಹಿರಿಯ ಗುರುಗಳು ಶಿಹಾನ್. ಶಿಹಾನ್ ಪದವಿಯು ಸಾಮಾನ್ಯವಾಗಿ ಆರನೆಯ ಮೆಟ್ಟಿಲಿನ ನಂತರದ ಮಾತು.

ಇಷ್ಟೊಂದು ಕಟ್ಟುಪಾಡು ಏತಕ್ಕೆಂದು ಕೇಳಬಹುದು. ಈ ವಿದ್ಯೆಯಲ್ಲಿ ಜೊತೆಗಾರರ ಮಣಿಕಟ್ಟು, ಮೊಣಕೈ, ಭುಜಗಳು ನಮ್ಮ ಹಿಡಿತದಲ್ಲಿರುತ್ತವೆ. ಅರೆಕಲಿತವರು ಅವಸರದಿಂದ ಎಸೆದರೆ ಬೀಳುವವರ ತಲೆ ನೆಲಕ್ಕೆ ಬಡಿಯುತ್ತದೆ. ಆದ್ದರಿಂದಲೇ ಬಲ್ಲ ಶಿಕ್ಷಕರು ಎಸೆಯುವುದಕ್ಕಿಂತ ಮೊದಲು ಪೆಟ್ಟಾಗದಂತೆ ಬೀಳುವುದನ್ನು ಕಲಿಸುತ್ತಾರೆ. ತಾವು ಸಾವಿರಾರು ಬಾರಿ ಬಿದ್ದವರಿಗೇ ಇನ್ನೊಬ್ಬರನ್ನು ಎಷ್ಟು ಮೃದುವಾಗಿ ಕೆಡಹಬೇಕೆಂಬ ಅರಿವು.

ಮಕ್ಕಳನ್ನು ಇಂತಹ ತರಗತಿಗೆ ಸೇರಿಸುವ ತಂದೆತಾಯಿಗಳು ಗೋಡೆಯ ಮೇಲಿನ ಪ್ರಮಾಣಪತ್ರಗಳನ್ನಷ್ಟೇ ನೋಡಿ ಹಿಂತಿರುಗಬಾರದು. ಶಿಕ್ಷಕರ ಗುರುಗಳಾರು, ಅವರ ಬಳಿ ಎಷ್ಟು ವರ್ಷ ಕಲಿತರು, ಈಗಲೂ ಕಲಿಯುತ್ತಿದ್ದಾರೆಯೇ ಎಂದು ವಿನಯದಿಂದ ಕೇಳಬೇಕು. ಒಂದು ದಿನ ಬದಿಯಲ್ಲಿ ಕುಳಿತು, ಹೊಸಬರನ್ನು ಅವರು ಹೇಗೆ ನಡೆಸಿಕೊಳ್ಳುತ್ತಾರೆಂದು ಗಮನಿಸಬೇಕು. ನಿಜವಾಗಿ ಕಲಿತವರು ಈ ಪ್ರಶ್ನೆಗಳಿಂದ ನೊಂದುಕೊಳ್ಳುವುದಿಲ್ಲ. ತಮ್ಮ ಗುರುಗಳ ಹೆಸರನ್ನು ಸಂತೋಷದಿಂದಲೇ ಹೇಳುತ್ತಾರೆ.