ವೇದಿಕೆಯಲ್ಲಿ ಕೊಟ್ಟ ಮಾತು ಏನಾಯಿತು?

ಕೃಷಿ ಮೇಳದಲ್ಲಿ ಯಂತ್ರ ತಯಾರಕರಿಗೆ ಭರವಸೆ ಕೊಟ್ಟ ಹಿರಿಯ ಅಧಿಕಾರಿಯವರಿಗೆ ಬಹಿರಂಗ ಪತ್ರ

ಮಾನ್ಯರೇ,

ಬೆಳ್ತಂಗಡಿಯ ಆ ಅಡಿಕೆ ಬೆಳೆಗಾರರು ತಮಗೆ ನೆನಪಿರಬೇಕು. ಅವರ ಅಡಿಕೆ ಸುಲಿಯುವ ಯಂತ್ರದ ಪಕ್ಕ ತಾವು ಫೋಟೋ ತೆಗೆಸಿಕೊಂಡಿರಿ. ಮೈಕ್ ಹಿಡಿದು, "ಮುಂದಿನ ಮೇಳದೊಳಗೆ ತಿಂಗಳಿಗೊಮ್ಮೆ ತಾಲೂಕಿನಲ್ಲೇ ಪೇಟೆಂಟ್ ಬಲ್ಲವರನ್ನು ಕೂರಿಸುತ್ತೇನೆ" ಎಂದಿರಿ. ಆ ಮೇಳವೂ ಮುಗಿಯಿತು, ಯಾರೂ ಬಂದು ಕೂರಲಿಲ್ಲ. ಮನವಿ ಕೊಟ್ಟದ್ದಾಯಿತು, ಕಚೇರಿಗೆ ಅಲೆದದ್ದಾಯಿತು. "ಫೈಲ್ ಮೇಲೆ ಹೋಗಿದೆ" ಎಂಬುದರಾಚೆ ಉತ್ತರವಿಲ್ಲ.

ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಮಳಿಗೆಗೆ ಬಂದಿದ್ದ ಒಬ್ಬರು ಬ್ಲೇಡಿಗೂ ರೋಲರಿಗೂ ನಡುವಿನ ಅಂತರಕ್ಕೆ ಕ್ಯಾಲಿಪರ್ ಹಿಡಿದು ಅಳೆದಿದ್ದರು. ಸ್ಪ್ರಿಂಗ್ ಕೂರಿಸಿದ ಬಗೆಯನ್ನು ಮೊಬೈಲಿನಲ್ಲಿ ತೆಗೆದುಕೊಂಡಿದ್ದರು. ಮುಚ್ಚಳ ಬಿಚ್ಚಿ ತೋರಿಸಿದವರು ಬೆಳೆಗಾರರೇ. ಮರುವರ್ಷ ಅದೇ ಯಂತ್ರ ಬೇರೆ ಬಣ್ಣದಲ್ಲಿ ಅಂಗಡಿಗೆ ಬಂತು.

1970ರ ಪೇಟೆಂಟ್ ಕಾಯ್ದೆ ಈಗ ಅವರ ಕೈ ಹಿಡಿಯುವುದು ಕಷ್ಟ. ಅರ್ಜಿ ಹಾಕುವ ಮೊದಲೇ ಜನರೆದುರು ಬಿಚ್ಚಿಟ್ಟದ್ದು ಹೊಸತೆನಿಸುವುದಿಲ್ಲ. 31ನೇ ಸೆಕ್ಷನ್ ಪ್ರದರ್ಶನಗಳಿಗೆ 12 ತಿಂಗಳ ವಿನಾಯಿತಿ ಕೊಡುತ್ತದೆ ನಿಜ. ಆದರೆ ಕೇಂದ್ರ ಸರಕಾರ ಗೆಜೆಟ್‌ನಲ್ಲಿ ಅಧಿಸೂಚಿಸಿದ ಪ್ರದರ್ಶನಗಳಿಗೆ ಮಾತ್ರ. ತಮ್ಮ ಮೇಳಕ್ಕೆ ಅಂಥ ಅಧಿಸೂಚನೆ ಇರಲಿಲ್ಲ. ಅದನ್ನು ತಿಳಿಸುವವರೂ ಇರಲಿಲ್ಲ.

ತಿಳಿಸಲು ಏನು ಕಷ್ಟವಿತ್ತು? ಯಂತ್ರವನ್ನು ಹೊರಗೆ ತೋರಿಸುವ ಮೊದಲು ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಹಾಕಿದರೆ, ಹೊಸತನ ಅಳೆಯಲು ಆ ದಿನಾಂಕವೇ ಆಧಾರ. ವ್ಯಕ್ತಿಗಳಿಗೆ ಆನ್‌ಲೈನ್ ಶುಲ್ಕ 1,600 ರೂಪಾಯಿ. ಪೂರ್ಣ ವಿವರಣೆಗೆ 12 ತಿಂಗಳ ಸಮಯ, ಪರೀಕ್ಷೆಗೆ ಮತ್ತೆ 4,000 ರೂಪಾಯಿ. ಮಂಜೂರಾದರೆ, ನವೀಕರಣ ಶುಲ್ಕ ಕಟ್ಟುತ್ತಿದ್ದಷ್ಟು ಕಾಲ, ಅರ್ಜಿಯ ದಿನದಿಂದ 20 ವರ್ಷದವರೆಗೆ ಹಕ್ಕು. ಕೃಷಿ ವಿಧಾನಕ್ಕೆ ಪೇಟೆಂಟ್ ಇಲ್ಲ, ಯಂತ್ರಕ್ಕೆ ಉಂಟು. ತೊಡಕಿರುವುದು 'ಕ್ಲೇಮ್' ಬರೆಯುವಲ್ಲಿ. ಯಂತ್ರದಲ್ಲಿ ತನ್ನದು ಯಾವುದು ಎಂದು ಕಾನೂನಿನ ಭಾಷೆಯಲ್ಲಿ ಗೆರೆ ಎಳೆಯಬೇಕು. ಗೆರೆ ತಪ್ಪಿದರೆ ನಕಲು ಮಾಡುವವನು ನುಣುಚಿಕೊಳ್ಳುತ್ತಾನೆ. ಅದೂ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಬರೆದು ಚೆನ್ನೈ ಕಚೇರಿಗೆ ಸಲ್ಲಿಸಬೇಕು. ತುಳು, ಕನ್ನಡದಲ್ಲಿ ಯೋಚಿಸುವ ಕೃಷಿಕರಿಗೆ ಪಕ್ಕದಲ್ಲೊಬ್ಬರು ಬೇಕೆಂದದ್ದು ಇದಕ್ಕೇ. ತಾವು ಒಪ್ಪಿದ್ದೂ ಇದನ್ನೇ.

ಯಂತ್ರ ಮಾಡುವ ಕೃಷಿಕರು ನಮ್ಮಲ್ಲಿ ಇವರೊಬ್ಬರೇ ಅಲ್ಲ. ಬಂಟ್ವಾಳ ತಾಲೂಕಿನ ಸಜಿಪಮೂಡದ ಗಣಪತಿ ಭಟ್ಟರು ಅಡಿಕೆ ಮರ ಏರುವ ಬೈಕ್ ಮಾಡಿದ್ದು ಮರ ಹತ್ತುವ ಆಳು ಸಿಗದ ಸಂಕಟದಿಂದ. 2019ರಲ್ಲಿ ಅದರ ವಿಡಿಯೋ ದೇಶವೆಲ್ಲ ಓಡಾಡಿತು. ಗಡಿಯಾಚೆ ಕಣ್ಣೂರು ಜಿಲ್ಲೆಯ ಚೆಂಬೇರಿಯ ಎಂ.ಜೆ. ಜೋಸೆಫರ ತೆಂಗಿನ ಮರ ಏರುವ ಸಾಧನಕ್ಕೆ ಪೇಟೆಂಟೂ ದೊರೆಯಿತು. ಹಳ್ಳಿಯ ಸಂಶೋಧಕರ ಪರವಾಗಿ ಅರ್ಜಿ ಹಾಕುವುದಕ್ಕೆ ಗುಜರಾತಿನ ಗಾಂಧಿನಗರದ ಬಳಿ ರಾಷ್ಟ್ರೀಯ ನವಪ್ರವರ್ತನ ಪ್ರತಿಷ್ಠಾನವೇ ಇದೆ. ಆ ವಿಳಾಸವನ್ನಾದರೂ ತಮ್ಮ ಕಚೇರಿ ಕೊಡಬಹುದಿತ್ತು.

ಮೂಡುಬಿದಿರೆಯ ಮಗ್ಗುಲಲ್ಲೇ, ಮಿಜಾರಿನಲ್ಲಿ, ಇಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿಂದ ಬಲ್ಲವರೊಬ್ಬರನ್ನು ಕರೆಸಲಿಲ್ಲ ಯಾಕೆ? ಶಾಲು, ಸ್ಮರಣಿಕೆ, ಪೆಂಡಾಲಿಗೆ ಹಣ ಹೊಂದುತ್ತದೆ, ಒಬ್ಬ ಸಲಹೆಗಾರರ ಬಸ್ ಚಾರ್ಜಿಗೆ ಹೊಂದುವುದಿಲ್ಲವೇ? ಬೆಂಗಳೂರಿನ ಯೋಜನೆಗಳು ಘಟ್ಟ ಇಳಿಯುವಷ್ಟರಲ್ಲಿ ಬರೀ ಕರಪತ್ರವಾಗುತ್ತವೆ. ರೈತ ಮಾಡಿದ್ದು ಪ್ರದರ್ಶನಕ್ಕೆ ಬೇಕು, ಅವನ ಹಕ್ಕು ಯಾರಿಗೂ ಬೇಡ.

ಮೇಳದ ನೋಂದಣಿ ಫಾರಂನಲ್ಲಿ "ಪೇಟೆಂಟ್ ಅರ್ಜಿ ಹಾಕಿದ್ದೀರಾ?" ಎಂಬ ಪ್ರಶ್ನೆ ಸೇರಿಸಿ. ಹಾಕದವರ ಯಂತ್ರದ ಮುಚ್ಚಳ ಬಿಚ್ಚಿಸಬೇಡಿ. ಮೇಳಕ್ಕೆ 31ನೇ ಸೆಕ್ಷನ್‌ನ ಅಧಿಸೂಚನೆ ಕೋರಿ ದಿಲ್ಲಿಗೆ ಬರೆಯಿರಿ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಸಲಹೆಗಾರರು ಯಾವ ದಿನ, ಯಾವ ಕೋಣೆಯಲ್ಲಿ ಸಿಗುತ್ತಾರೆ ಎಂಬುದನ್ನು ಲಿಖಿತವಾಗಿ ತಿಳಿಸಿ. ಮೈಕಿನಲ್ಲಿ ಬೇಡ.

ಮೂರೂ ತಾಲೂಕುಗಳ ಯಂತ್ರ ತಯಾರಕ ಕೃಷಿಕರ ಪರವಾಗಿ