ಸೂಲಗಿತ್ತಿ ಹೋದಳು, ಅವಳ ಕೆಲಸ ಉಳಿಯಿತು

ಕೃಷ್ಣೆ-ಘಟಪ್ರಭೆಯರ ಸೀಮೆಯಲ್ಲಿ ಹೆಣ್ಣುಮಗಳ ಚೊಚ್ಚಲ ಹೆರಿಗೆ ತವರಿನಲ್ಲಿಯೇ ಆಗಬೇಕೆಂಬುದು ಹಳೆಯ ರೂಢಿ. ಜಮಖಂಡಿಯಲ್ಲಿ ಪಟವರ್ಧನರೂ ಮುಧೋಳದಲ್ಲಿ ಘೋರ್ಪಡೆಯವರೂ ಆಳುತ್ತಿದ್ದ ದಿನಗಳಲ್ಲಿ, 1948ರಲ್ಲಿ ಆ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡ ಮೇಲೂ ಬಹುಕಾಲ, ನಡುರಾತ್ರಿಯಲ್ಲಿ ಕಂದೀಲಿನ ಬೆಳಕಿನಲ್ಲಿ ಆ ತವರುಮನೆಗೆ ಬರುತ್ತಿದ್ದವಳು ಸೂಲಗಿತ್ತಿಯೇ. ಕೂಸನ್ನು ಕೈಯಲ್ಲಿ ಹಿಡಿಯುವುದಷ್ಟೇ ಅಲ್ಲ, ಬಾಣಂತಿಗೆ ಎರೆಯುವುದು, ಕೂಸಿನ ಮೈ ತಿಕ್ಕುವುದು, ಅಳವಿಯ ಪಾಯಸ, ಅಂಟಿನ ಉಂಡಿಗಳ ಪಥ್ಯ ಹೇಳುವುದು ಎಲ್ಲವೂ ಆಕೆಯ ಪಾಲಿನ ಕೆಲಸವಾಗಿದ್ದವು. ಪ್ರತಿಫಲವೆಂದರೆ ಒಂದು ಮೊರ ಜೋಳ, ಒಂದು ಸೀರೆ.

ಆದರೆ ಆ ಕಾಲವನ್ನು ಬರಿದೆ ಹೊಗಳುವುದು ನ್ಯಾಯವಲ್ಲ. ಹೊಕ್ಕುಳಬಳ್ಳಿ ಕೊಯ್ದ ಕೈಯನ್ನೇ ಮೈಲಿಗೆಯೆಂದು ದೂರವಿರಿಸಿದ ಮನೆಗಳು ಎಷ್ಟೋ ಇದ್ದವು. ಕುದಿಸದ ಕುಡುಗೋಲಿನಿಂದಲೋ ಚಾಕುವಿನಿಂದಲೋ ಬಳ್ಳಿ ಕೊಯ್ದು, ಧನುರ್ವಾಯು ತಗುಲಿ ತೀರಿಹೋದ ಹಸುಗೂಸುಗಳೂ ಎಷ್ಟೋ. ರಕ್ತಸ್ರಾವ ನಿಲ್ಲದಿದ್ದರೆ, ಕೂಸು ಅಡ್ಡವಾದರೆ, ಎಂತಹ ಅನುಭವಸ್ಥೆಯ ಕೈಯೂ ಸೋಲುತ್ತಿದ್ದಿತು.

ಈ ಕೊರತೆಯನ್ನು ನೀಗಿಸಲು ಲೇಡಿ ಕರ್ಜನ್ 1903ರಲ್ಲಿ ವಿಕ್ಟೋರಿಯಾ ನಿಧಿಯನ್ನು ಸ್ಥಾಪಿಸಿ ಸೂಲಗಿತ್ತಿಯರಿಗೆ ಶಿಕ್ಷಣ ಕೊಡಿಸಲು ಯತ್ನಿಸಿದರು. ಸ್ವಾತಂತ್ರ್ಯಾನಂತರ ಪ್ರಾಥಮಿಕ ಆರೋಗ್ಯ ಕೇಂದ್ರಗಳೊಡನೆ ಊರೂರಿಗೆ ನರ್ಸಬಾಯಿಯರು ಬಂದರು. 2005ರಲ್ಲಿ ಜನನಿ ಸುರಕ್ಷಾ ಯೋಜನೆಯೂ ಆಶಾ ಕಾರ್ಯಕರ್ತೆಯರೂ, 2008ರಲ್ಲಿ 108ರ ವಾಹನವೂ ಬಂದ ಮೇಲಂತೂ ಹೆರಿಗೆಯು ಮನೆಯನ್ನು ಬಿಟ್ಟು ಆಸ್ಪತ್ರೆಯನ್ನು ಸೇರಿತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 2005–06ರಲ್ಲಿ ನೂರಕ್ಕೆ ಸುಮಾರು 65 ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗಿದ್ದರೆ, 2019–21ರ ಹೊತ್ತಿಗೆ ಆ ಸಂಖ್ಯೆ 97ಕ್ಕೆ ಏರಿತು. ಲಕ್ಷ ಜನನಗಳಿಗೆ 2001–03ರಲ್ಲಿ 228 ತಾಯಂದಿರು ತೀರಿಕೊಳ್ಳುತ್ತಿದ್ದರು. 2018–20ರಲ್ಲಿ ಅದು 69ಕ್ಕೆ ಇಳಿಯಿತು. ಬೀಳಗಿಯ ರೈತನ ಮಡದಿಗೂ ರಬಕವಿ-ಬನಹಟ್ಟಿಯ ನೇಕಾರನ ಮಗಳಿಗೂ ಇದಕ್ಕಿಂತ ದೊಡ್ಡ ವರವಿಲ್ಲ.

ಹಾಗಾದರೆ ಕಳೆದುಹೋದುದು ಏನೂ ಇಲ್ಲವೇ? ಇದೆ. ಸೂಲಗಿತ್ತಿಯು ಬೇನೆ ತಿನ್ನುವವಳ ಪಕ್ಕದಲ್ಲಿ ರಾತ್ರಿಯಿಡೀ ಕುಳಿತಿರುತ್ತಿದ್ದಳು. ಬೆನ್ನು ನೀವುತ್ತಿದ್ದಳು, ಧೈರ್ಯ ಹೇಳುತ್ತಿದ್ದಳು, ಕಾಯುತ್ತಿದ್ದಳು. ಪಾವಗಡ ತಾಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಅಜ್ಜಿಯಿಂದ ಈ ವಿದ್ಯೆಯನ್ನು ಕಲಿತು, ಹದಿನೈದು ಸಾವಿರಕ್ಕೂ ಮಿಕ್ಕಿ ಹೆರಿಗೆಗಳನ್ನು ಬಿಡಿಕಾಸು ಪಡೆಯದೆ ಮಾಡಿಸಿದರು. ಅವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅವರಲ್ಲಿದ್ದ ಆ ತಾಳ್ಮೆಗೆ ಇಂದಿನ ಅವಸರದ ಆಸ್ಪತ್ರೆಗಳಲ್ಲಿ ಎಡೆ ಕಡಿಮೆ. ಅದೇ 2019–21ರ ಸಮೀಕ್ಷೆಯಲ್ಲಿ ರಾಜ್ಯದ ಹೆರಿಗೆಗಳಲ್ಲಿ ನೂರಕ್ಕೆ 31ಕ್ಕೂ ಹೆಚ್ಚು ಶಸ್ತ್ರಕ್ರಿಯೆಯಿಂದ ಆದವು. ಖಾಸಗಿ ಆಸ್ಪತ್ರೆಗಳಲ್ಲಿ ಅರ್ಧಕ್ಕೂ ಮಿಗಿಲು. ಪ್ರಾಣ ಉಳಿಸುವ ಶಸ್ತ್ರಕ್ರಿಯೆಗೆ ಕೈಮುಗಿಯಬೇಕು. ಆದರೆ ಇಷ್ಟೊಂದು ಮಂದಿಗೆ ಅದು ಅನಿವಾರ್ಯವೇ ಎಂದು ಕೇಳುವುದು ತಪ್ಪಲ್ಲ.

ಸರಕಾರಕ್ಕೂ ಇದರ ಅರಿವಾಗಿದೆ. ಹೆರಿಗೆಯ ವೇಳೆ ತಾಯಿಯ ಬಳಿ ಒಬ್ಬ ಆಪ್ತ ಹೆಂಗಸು ಇರಬಹುದೆಂದು ಕೇಂದ್ರ ಸರಕಾರವು 2016ರಲ್ಲಿ ಸರಕಾರಿ ಆಸ್ಪತ್ರೆಗಳಿಗೆ ಸೂಚಿಸಿತು. 2018ರಲ್ಲಿ, ನರ್ಸುಗಳಿಗೆ ಹದಿನೆಂಟು ತಿಂಗಳ ವಿಶೇಷ ತರಬೇತಿ ಕೊಟ್ಟು, ಸಹಜ ಹೆರಿಗೆಗಳ ಹೊಣೆಯನ್ನು ಅವರಿಗೇ ಒಪ್ಪಿಸುವ ನೀತಿಯನ್ನು ಪ್ರಕಟಿಸಿತು. ಅಂದರೆ ಸೂಲಗಿತ್ತಿಯು ಶುಚಿಯಾದ ಕೈಗಳೊಡನೆ, ಓದಿನ ಬಲದೊಡನೆ ಮರಳಿ ಬರಬೇಕೆಂಬುದೇ ಇದರ ಆಶಯ.

ಮನೆಯವರ ಪಾಲಿನ ಕರ್ತವ್ಯವೂ ಉಂಟು. ತಾಯಿ ಕಾರ್ಡಿನಲ್ಲಿ ಬರೆದ ತಪಾಸಣೆಗಳನ್ನು ತಪ್ಪಿಸದಿರಲಿ. 2019ರ ಆಗಸ್ಟಿನಲ್ಲಿ ಹೊಳೆಗಳು ಉಕ್ಕಿ ಈ ಭಾಗದ ದಾರಿಗಳು ಮುಳುಗಿದುದನ್ನು ನೆನೆದು, ಮಳೆಗಾಲದಲ್ಲಿ ದಿನ ತುಂಬುವವಳನ್ನು ಮೊದಲೇ ಆಸ್ಪತ್ರೆಯ ಊರಿಗೆ ಕರೆತರಲಿ. ಹೆರಿಗೆಯ ಕೋಣೆಗೆ ಅವಳೊಡನೆ ತಾಯಿಯೋ ಅತ್ತೆಯೋ ಹಿರಿಯಕ್ಕನೋ ಹೋಗಲು ಅನುಮತಿಯನ್ನು ಸಂಕೋಚವಿಲ್ಲದೆ ಕೇಳಲಿ. ವೈದ್ಯರು ಪ್ರಾಣವನ್ನು ಕಾಯುವರು. ಕೈ ಹಿಡಿದು ಕುಳಿತುಕೊಳ್ಳುವ ಕೆಲಸವನ್ನು ಮನೆಯವರು ಮರೆಯಬಾರದು.